ದೋಣಿ ಕುಬೇರಪ್ಪ

ಬೆಟಗೇರಿಯ ನಮ್ಮ ಓಣಿಯಲ್ಲಿ ನೇಕಾರರಿಗೆ ಬರವಿರಲಿಲ್ಲ, ಬಡಾಯಿಗೂ ಬರವಿರಲಿಲ್ಲ. ಎರಡನ್ನೂ ಒಟ್ಟಿಗೆ ನೇಯುವ ಕಲೆ ಮಾತ್ರ ಕುಬೇರಪ್ಪನೊಬ್ಬನಿಗೇ ಒಲಿದಿತ್ತು. ಅವನ ಸೀರೆ ಸುಮಾರು, ಬಾಯಿ ಜರಿಯಂಚಿನದು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ ಅವನು ಮಹಾಬಳೇಶ್ವರಕ್ಕೆ ಹೋಗಿಬಂದ. ಬಿಳಿಯ ಸಾಹೇಬರು ಹಡಗು ಹತ್ತಿದ್ದರೂ ಅವರ ಚಟಗಳು ಇಲ್ಲೇ ಉಳಿದಿದ್ದವು. ಗದಗಿನ ಅರಳೆ ಸಾಹುಕಾರರೊಬ್ಬರಿಗೆ ಗುಡ್ಡದ ಹವಾ ಬೇಕೆನಿಸಿತು. ಹಾಸಿಗೆ ಹೊರಲು, ಚಹಾ ಕಾಯಿಸಲು ಒಬ್ಬ ಆಳು ಬೇಕಿತ್ತು. ಕುಬೇರಪ್ಪ ಮಗ್ಗ ಬಿಟ್ಟು ಹೊರಟ. ಅಲ್ಲಿ ಘಟ್ಟದ ನೆತ್ತಿಯ ಮೇಲೊಂದು ಸಣ್ಣ ಊರು, ಊರಿಗೊಂದು ಕೆರೆ, ಕೆರೆಯಲ್ಲಿ ದೋಣಿ. ಉಳ್ಳವರು ದುಡ್ಡು ಕೊಟ್ಟು ದೋಣಿ ಹತ್ತಿ, ನೀರಿನ ಮೇಲೊಂದು ಸುತ್ತು ಹಾಕಿ, ಹತ್ತಿದ ಜಾಗದಲ್ಲೇ ಇಳಿಯುತ್ತಾರೆ. ಅದಕ್ಕೆ ವಿಹಾರ ಎಂದು ಹೆಸರು. ನಮ್ಮಲ್ಲಿ ಗಾಣದ ಎತ್ತು ದಿನವೂ ಅದನ್ನೇ ಮಾಡುತ್ತದೆ, ಅದನ್ನು ಯಾರೂ ವಿಹಾರ ಅನ್ನುವುದಿಲ್ಲ.

ಹೋಗುವಾಗ ಹಾಸಿಗೆ ಹೊತ್ತವನು ಬರುವಾಗ ದೋಣಿ ನಡೆಸಿದವನಾಗಿದ್ದ. ಸಂಜೆ ಕಟ್ಟೆಯ ಮೇಲೆ ಕೂತು, ಮಗ್ಗದ ಲಾಳಿಯನ್ನು ಅಂಗೈ ಮೇಲೆ ಓಡಿಸಿ ತೋರಿಸುತ್ತಿದ್ದ.

"ಇದ ದೋಣಿ ಅಂತ ತಿಳೀರಿ. ನೀರು ಹಿಂಗ ಸೀಳ್ಕೋಂತ ಹೋಗಬೇಕು. ನಡುವ ಗಾಳಿ ಎದ್ದಾಗ ಸಾವಕಾರ್ರು ಅಂಜಿ ನನ್ನ ಕೈ ಹಿಡಕೊಂಡ್ರು. ನಾ ಇರೂತನಕ ನಿಮಗ್ಯಾಕ ಕಾಳಜಿ ಅಂದೆ."

ಓಣಿಯ ತೆಗ್ಗಿನಲ್ಲಿ ಮಳೆನೀರು ನಿಂತರೆ ಗೋಡೆ ಹಿಡಿದು ದಾಟುವ ಮನುಷ್ಯ ಇವನು. ಆದರೂ ನಾವು ನಂಬಿದೆವು. ಕಣ್ಣಾರೆ ಆ ಕೆರೆ ಕಂಡವನು ಓಣಿಗೆ ಅವನೊಬ್ಬನೇ. ದೋಣಿ ಕುಬೇರಪ್ಪ ಎಂಬ ಹೆಸರನ್ನೂ ನಾವೇ ಕೊಟ್ಟೆವು, ನಮ್ಮ ಬುದ್ಧಿಯೇ ಅಷ್ಟು.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಹಾಗೇ ಎತ್ತುವುದಿಲ್ಲ. ಬಸುರಿಯ ಕುಬಸದಲ್ಲೋ ತೊಟ್ಟಿಲ ಕಾರ್ಯದಲ್ಲೋ ಹೆಂಗಸರು ಬಾಗಿಲು ಕಟ್ಟಿ ನಿಂತಾಗ ಒಡಪು ಹೇಳಿ, ಅದರ ಕೊನೆಗೆ ಹೆಸರು ಸೇರಿಸಬೇಕು. ಕುಬೇರಪ್ಪ ತನ್ನ ಒಡಪನ್ನು ತಾನೇ ಕಟ್ಟಿ ಹೆಂಡತಿ ಬನಶಂಕರೆವ್ವನಿಗೆ ಬಾಯಿಪಾಠ ಮಾಡಿಸಿದ:

"ಗುಡ್ಡದ ಮ್ಯಾಲ ಐತಿ ಕೆರಿ,
ಕೆರಿಯಾಗ ದೋಣಿ ನಡಸವರ್ಯಾರ್ರಿ,
ನಮ್ಮ ಕುಬೇರಪ್ಪನವರ್ರಿ."

ಅವಳು ವರ್ಷಗಟ್ಟಲೆ ಅದನ್ನೇ ಹೇಳಿದಳು. ಪ್ರತಿ ಸಲವೂ ಹೊರಗೆ ಕಟ್ಟೆಯ ಮೇಲೆ ಕೂತ ಅವನು ಮೀಸೆ ತೀಡಿಕೊಂಡ. ಬೆಳಗಿನಿಂದ ರಾಟಿ ತಿರುಗಿಸಿ ಅವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ ಆ ಹೆಂಗಸಿಗೆ ಇದ್ದದ್ದು ಒಂದೇ ಆಸೆ: ಗಂಡ ನಡೆಸುವ ದೋಣಿಯಲ್ಲಿ ಒಮ್ಮೆ ಕೂಡಬೇಕು. ಕೇಳಿದರೆ ಅವನು ಒಂದು ವರ್ಷ ಅಲ್ಲಿ ಚಳಿ ಅಂದ, ಇನ್ನೊಂದು ವರ್ಷ ಗದ್ದಲ ಅಂದ.

ಕನ್ನಡದ ಸೀಮೆಗಳು ಒಂದಾಗುವುದು ಖಾತ್ರಿಯಾದ ಬೇಸಿಗೆಯಲ್ಲಿ ಕುಬೇರಪ್ಪನಿಗೆ ನಾಡಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಏಕೀಕರಣದ ಸಭೆಗಳಲ್ಲಿ ಎಲ್ಲರಿಗಿಂತ ಮುಂದೆ ಕೂತ. ಮನೆಯಲ್ಲಿ ಹೇಳಿದ್ದು ಬೇರೆ.

"ಇನ್ನ ಆ ಕೆರಿ ಮುಂಬಯಿಯವರಿಗೆ, ನಾವು ಮೈಸೂರಿಗೆ. ಪರಸೀಮಿ ಕೆರಿ ನಮಗ್ಯಾಕ?"

"ಹಂಗಾರ ಅದು ಅತ್ತಾಗ ಹೋಗೂದ್ರೊಳಗ ತೋರಿಸಿಬಿಡ್ರಿ" ಎಂದಳು ಬನಶಂಕರೆವ್ವ.

ಪಕ್ಕದ ಮನೆಯ ಮುದುಕಿ ಸಾವಕ್ಕ ಇದನ್ನು ಕಟ್ಟೆಗೆ ತಂದಳು. ಎಲ್ಲರೂ "ಹೋಗಿಬಾರಪಾ, ಅಕಿನೂ ನೋಡಲಿ" ಎಂದರು. ಒಲ್ಲೆನ್ನಲು ಬಾಯಿ ಬರದೆ ಅವನು ಹೆಂಡತಿಯೊಡನೆ ರೈಲು ಹತ್ತಿದ.

ಅಲ್ಲಿ ನಡೆದದ್ದನ್ನು ಅವಳು ಬಹಳ ದಿನದ ಮೇಲೆ ನನ್ನ ಹೆಂಡತಿಗೆ ಹೇಳಿದಳು. ಬನಶಂಕರೆವ್ವ ಸೀರೆ ಎತ್ತಿ ಕಟ್ಟಿ ದೋಣಿಯಲ್ಲಿ ಕೂತಾಗಿತ್ತು. ದಂಡೆಯಲ್ಲಿದ್ದ ಗಂಡನಿಗೆ ಹುಟ್ಟು ತೋರಿಸಿ, "ಬರ್ರಿ, ನೀವ ನಡಸ್ರಿ" ಎಂದಳು. ಅವನು ಒಂದು ಕಾಲು ಇಟ್ಟ. ದೋಣಿ ಅಲುಗಿತು. "ಯವ್ವಾ" ಎಂದು ಚೀರಿ ಹಿಂದಕ್ಕೆ ಜಿಗಿದು, ದಂಡೆಯ ಕಲ್ಲನ್ನು ತಬ್ಬಿಕೊಂಡು ಕೂತ. ಹವಾಕ್ಕೆ ಬಂದ ಸಾಹುಕಾರರೆಲ್ಲ ಬೊಜ್ಜು ಕುಣಿಸಿ ನಕ್ಕರು.

"ಸಾವಕಾರ್ರ ಜೋಡಿ ಬಂದಾಗೂ ಹತ್ತಿದ್ದಿಲ್ಲೇನ್ರಿ?" ಎಂದಳು ಬನಶಂಕರೆವ್ವ.

ಅವನು ಅವಳ ಮುಖ ನೋಡಲಿಲ್ಲ. "ನೀ ಹೋಗಿ ಬಾ. ನಾ ಗಂಟು ಕಾಯ್ತೀನಿ" ಎಂದ.

ಅಂಬಿಗ ಹುಟ್ಟು ಹಾಕಿದ, ಅವಳು ಹೋದಳು. ಕೆರೆಯ ನಡುವೆ ನೀರಿನಲ್ಲಿ ಕೈ ಆಡಿಸಿದಳಂತೆ, ಸ್ವಲ್ಪ ಅತ್ತಳಂತೆ, ಆಮೇಲೆ ಸುತ್ತಲಿನ ಗುಡ್ಡಗಳನ್ನು ನೋಡುತ್ತ ಅಳುವುದನ್ನೇ ಮರೆತಳಂತೆ. ಗಂಡನ ಮೇಲಿನ ಸಿಟ್ಟಿಗೆ ಅಷ್ಟು ಚಂದದ ನೀರನ್ನು ಹಾಳುಮಾಡಿಕೊಳ್ಳಲಿಲ್ಲ. ಆ ಬುದ್ಧಿಯನ್ನು ನಾನು ಮೆಚ್ಚುತ್ತೇನೆ.

ವಾಪಸು ಬರುವಾಗ ರೈಲಿನಲ್ಲಿ ಅವನು ಬೇಡಿಕೊಂಡ. "ಓಣ್ಯಾಗ ಇದನ್ನ ಎತ್ತಬ್ಯಾಡ. ಆ ಒಡಪನ್ನ ಹೇಳು."

"ನಾ ಆಗಿ ಎತ್ತೂದಿಲ್ರಿ. ಆದ್ರ ಇಷ್ಟ ದಿನ ಗೊತ್ತಿದ್ದಿಲ್ಲ, ಹೇಳಿದೆ. ಈಗ ನಿಮ್ಮ ಹೆಸರಿನ ಜೋಡಿ ಸುಳ್ಳು ಹೆಂಗ ಕಟ್ಟಲಿ?"

ಅಂದಿನಿಂದ ಕುಬೇರಪ್ಪನ ನಿದ್ದೆ ಹೋಯಿತು. ಯಾರ ಮನೆಯಲ್ಲಿ ಕಾರ್ಯವಾದರೂ ಹೆಂಡತಿಗೆ ಹೊಟ್ಟೆನೋವೆಂದು ತಾನೇ ಹೇಳಿಕಳಿಸುತ್ತಿದ್ದ. ಆ ತಿಂಗಳುಗಳಲ್ಲಿ ಅವಳಿಗೆ ಬಂದಷ್ಟು ಹೊಟ್ಟೆನೋವು ತಾಲೂಕಿನಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ.

ನವೆಂಬರಿನಲ್ಲಿ ರಾಜ್ಯ ಒಂದಾಯಿತು. ಓಣಿಗೆ ತೋರಣ ಕಟ್ಟಿದೆವು. ಅದೇ ವಾರ ಸಾವಕ್ಕನ ಮೊಮ್ಮಗಳ ಕುಬಸ. ಸಾವಕ್ಕ ತಾನೇ ಬಂದು ಬನಶಂಕರೆವ್ವನ ಕೈಹಿಡಿದು ಕರೆದೊಯ್ದಳು. ಹೊಟ್ಟೆನೋವಿನ ಮಾತು ಅಲ್ಲಿ ನಡೆಯಲಿಲ್ಲ. ಕುಬೇರಪ್ಪ ನಮ್ಮ ನಡುವೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಹೆಂಗಸರು ಬಾಗಿಲು ಕಟ್ಟಿ "ಹೆಸರು ಹೇಳವಾ" ಎಂದದ್ದು ಹೊರಗೆ ಕೇಳಿಸಿತು. ಹಳೆಯ ಒಡಪು ನಮಗೆಲ್ಲ ಬಾಯಿಗೆ ಬರುತ್ತಿತ್ತು. ಇಬ್ಬರು ಗೆಳೆಯರು ಮೊದಲ ಸಾಲನ್ನು ಅವಳ ಜೊತೆಗೇ ಗುನುಗಿದರು.

"ಗುಡ್ಡದ ಮ್ಯಾಲ ಐತಿ ಕೆರಿ,
ದೋಣ್ಯಾಗ ಕುಂತಾಕಿ ನಾನ್ರಿ,
ದಂಡಿಮ್ಯಾಲ ಗಂಟು ಕಾಯ್ದವರು ಕುಬೇರಪ್ಪನವರ್ರಿ."

ಮರ್ಯಾದೆಗೆ ಒಂದು ಅಕ್ಷರವೂ ಕಡಿಮೆಯಿರಲಿಲ್ಲ. ಮೊದಲು ಒಳಗಿನವರು ನಕ್ಕರು, ಆಮೇಲೆ ಕಟ್ಟೆ ನಕ್ಕಿತು. ಕುಬೇರಪ್ಪ ಕಾಲಲ್ಲಿ ಚಪ್ಪಲಿ ಹುಡುಕಿದ, ಸಿಗಲಿಲ್ಲ, ಬರಿಗಾಲಲ್ಲೇ ಮನೆಗೆ ಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಆ ಕುಣಿಯೊಂದು ಎಂದೂ ಅಲುಗುವುದಿಲ್ಲ.

ನಗು ನಿಂತ ಮೇಲೆ ಸಾವಕ್ಕನ ದನಿ ಕೇಳಿತು. "ಕೆರಿ ಹೆಂಗಿತ್ತ ಬನಶಂಕರೆವ್ವಾ?"

ಅವಳನ್ನು ಹಾಗೆ ಕೇಳಿದವರು ಅಲ್ಲಿಯತನಕ ಯಾರೂ ಇರಲಿಲ್ಲ. ಕಟ್ಟೆಯ ಮೇಲಿನ ನಾವೂ ಎದ್ದು, ಬಾಗಿಲ ಹತ್ತಿರ ಹೋಗಿ ಕೂತೆವು.