ಹದಿನೆಂಟು ಮೆಟ್ಟಿಲು, ಒಂದು ಮೊಣಕಾಲು

ಕಿರ್ರ್, ಕಿರ್ರ್, ಟಣ್. ಹುಕ್ಕೇರಿಯ ಅಕ್ಕನ ಮನೆಯ ಗ್ಯಾಲರಿಯಿಂದ ಚಹಾದ ಕಿಟ್ಲಿ ಹಗ್ಗದಲ್ಲಿ ಇಳಿದು ಬರುತ್ತಿದ್ದ ಸದ್ದು. ಕೆಳಗೆ ಅವರ ಬೆಲ್ಲದ ಅಂಗಡಿ, ಮೇಲೆ ಮನೆ, ನಡುವೆ ಹದಿನೆಂಟು ಕಡಿದಾದ ಕಲ್ಲಿನ ಮೆಟ್ಟಿಲು. ತೊಂಬತ್ತು ದಾಟಿದ ಅಕ್ಕ ತಲೆಸುತ್ತಿಗೆ ಹೆದರಿ ಇಳಿಯುವುದನ್ನೇ ಬಿಟ್ಟಿದ್ದಳು. ಎಂಬತ್ತೈದರ ನನಗೆ ಹತ್ತಲು ಆಗುತ್ತಿರಲಿಲ್ಲ. ಬಲ ಮೊಣಕಾಲು ಪೂರ್ತಿ ಸವೆದಿತ್ತು. ಮೂರು ವರ್ಷ ನಾನು ಗೋಕಾಕದಿಂದ ಕಾರಿನಲ್ಲಿ ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕತ್ತೆತ್ತಿ ಅವಳೊಡನೆ ಕೂಗಿ ಮಾತಾಡಿ ಬಂದೆ. ಎಂಥ ವಿಸಿಟ್ ಅದು! ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತೇವೆ ಎಂದರು ಅಂಗಡಿಯವರು. ನಾನೇನು ಬೆಲ್ಲದ ಪೆಂಟೆಯೇ? ನೋ, ಥ್ಯಾಂಕ್ ಯೂ.

ಮೊಣಕಾಲು ಬದಲಿಸಿಕೊಳ್ಳುವ ಮಾತೆತ್ತಿದ ಮರುದಿನವೇ ಮೂಡಲಗಿಯಿಂದ ಮಗಳು ಓಡಿ ಬಂದಳು.

"ಅವ್ವಾ, ಈ ವಯಸ್ಸಿನ್ಯಾಗ ಯಾರರ ಮಾಡಿಸ್ಕೋತಾರೇನ? ಟೇಬಲ್ ಮ್ಯಾಲ ಏನರ ಆದ್ರ?"

"ಕಟ್ಟಿ ಮ್ಯಾಲ ಕುಂತ ಸಾಯೋದಕ್ಕಿಂತ ಚಲೋ ಅಲ್ಲೇನ?" ಎಂದೆ.

ಡಾಕ್ಟರು ಅಪಾಯವನ್ನು ಮುಚ್ಚಿಡಲಿಲ್ಲ. ಎಲ್ಲ ತಪಾಸಣೆ ಮುಗಿಸಿ, "ಹಾರ್ಟ್ ಗಟ್ಟಿ ಐತ್ರಿ ಅಮ್ಮಾರ. ಬಲಗಾಲ ಒಂದ ಮಾಡೋಣು. ಆದ್ರ ಆಮ್ಯಾಲ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂಡಂಗಿಲ್ರಿ," ಎಂದರು.

ಅಲ್ಲಿ ನಾನು ಹಿಂಜರಿದೆ. ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದಾಗಲೂ ಮಂಚದ ಪಕ್ಕ ನೆಲದ ಮೇಲೆ ಕುಳಿತೇ ಇಷ್ಟಲಿಂಗ ಪೂಜೆ ಮಾಡಿದವಳು ನಾನು. ಈಗಲೂ, ನೋವಿದ್ದರೂ, ದಿನಕ್ಕೊಮ್ಮೆ ಹೇಗೋ ನೆಲಕ್ಕೆ ಇಳಿಯುತ್ತಿದ್ದೆ. ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದರು. ನೆಲ ಬೇಕೋ, ಅಕ್ಕನ ಮೆಟ್ಟಿಲು ಬೇಕೋ? ವಾರವಿಡೀ ನಿದ್ದೆ ಬರಲಿಲ್ಲ. ಕೊನೆಗೆ ಫೋನಿನಲ್ಲಿ ಅವಳಿಗೇ ಹೇಳಿದೆ.

"ಕುರ್ಚಿ ಮ್ಯಾಲ ಕುಂತ ಲಿಂಗಪೂಜಿ ಮಾಡಾಕಿ ಏನ ನೀ? ಮೇಮ್‌ಸಾಬ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ ಅಂದಳು, "ಮಾಡಿಸ್ಕೊ ಬೇ. ಲಿಂಗ ಇರೋದು ಅಂಗೈಯಾಗ, ಮೊಣಕಾಲಾಗ ಅಲ್ಲ."

ಆಪರೇಶನ್ ನಂತರದ ನೋವನ್ನು ಇಲ್ಲಿ ಬರೆಯುವುದಿಲ್ಲ. ಇಟ್ ವಾಸ್ ನಾಟ್ ಪ್ರೆಟಿ. ವ್ಯಾಯಾಮ ಮಾಡಿಸುವ ಹುಡುಗಿ ಒಂದೇ ಪಾಠ ಹೇಳುತ್ತಿದ್ದಳು: ಹತ್ತುವಾಗ ಹಳೆಯ ಕಾಲು ಮುಂದೆ, ಇಳಿಯುವಾಗ ಹೊಸ ಕಾಲು ಮುಂದೆ. ಐದನೆಯ ತಿಂಗಳು ಹುಕ್ಕೇರಿಗೆ ಹೊರಟೆ.

ಬಲಗೈಯಲ್ಲಿ ಕಂಬಿ, ಎಡಗೈಯಲ್ಲಿ ಕೋಲು. ಹನ್ನೊಂದನೆಯ ಮೆಟ್ಟಿಲಲ್ಲಿ ಉಸಿರು ಸಿಕ್ಕಿಕೊಂಡು ನಿಂತೆ.

ಮೇಲಿಂದ ದನಿ: "ಅಲ್ಲೇ ಚಹಾ ಕಳಸ್ಲೇನ?"

"ಬ್ಯಾಡ! ನಾನ ಬರ್ತೇನಿ!"

ಹದಿನೆಂಟು! ನೆಟ್ಟಗೆ ನಿಂತೆ, ಸ್ಕೂಲಿನ ಪ್ರೈಜ್ ಡೇ ದಿನ ನಿಂತ ಹಾಗೆ. ಬಾಗಿಲಲ್ಲಿ ಅಕ್ಕ. ಎಷ್ಟು ಸಣ್ಣಗಾಗಿದ್ದಳು! ಕೆಳಗಿನಿಂದ ಅದು ಕಂಡೇ ಇರಲಿಲ್ಲ. ನನ್ನ ಕೆನ್ನೆ ಸವರಿ, ದೃಷ್ಟಿ ತಾಗದಿರಲೆಂದು ಲಟಿಗೆ ಮುರಿದಳು. ದೇವರ ಕೋಣೆಯಲ್ಲಿ ಅವಳ ಮಣೆಯ ಎದುರು ಒಂದು ಕುರ್ಚಿ ಕಾಯುತ್ತಿತ್ತು, ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು. ಅವಳು ಕೆಳಗೆ, ನಾನು ಮೇಲೆ, ಪೂಜೆ ಮುಗಿಸಿ ರೊಟ್ಟಿ ಉಂಡೆವು.

ಸಂಜೆ ಕಂಬಿ ಹಿಡಿದು ಇಳಿದೆ. ಕಾರಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಕಿರ್ರ್, ಕಿರ್ರ್. ಹಗ್ಗದ ತುದಿಯಲ್ಲಿ ನನ್ನ ಕೋಲು ತೂಗಾಡುತ್ತ ಇಳಿಯುತ್ತಿತ್ತು.

"ಕೋಲ ಮರತ ಹೊಂಟಿಯಲ್ಲ, ಮೇಮ್‌ಸಾಬ!"

ಗ್ಯಾಲರಿಯ ಮೇಲಿಂದ ಬಗ್ಗಿ, ಹಗ್ಗ ಹಿಡಿದು, ಬಾಯ್ತುಂಬ ನಗುತ್ತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.