ಕಿನುಯೋ ಮೇಲೆ ಚಾಡಿ ಹೇಳಿದ ಮೂರನೇ ತೊಟ್ಟಿ

ಕಿನುಯೋಗೂ ನನಗೂ ಈಗ ಅರವತ್ತಾರು. ಒಂದನೇ ತರಗತಿಯಿಂದ ಒಂದೇ ಬೆಂಚಿನವರು. ಆಗಲೂ ಅವಳ ಬಾಯಿಗೆ ಬೀಗ ಇರಲಿಲ್ಲ, ಈಗಲೂ ಇಲ್ಲ. ಜಪಾನಿನ ಈಶಾನ್ಯದ ನಮ್ಮ ಸನ್‌ರಿಕು ಕರಾವಳಿಯಲ್ಲಿ ಅವಳೊಡನೆ ವಾದಕ್ಕಿಳಿದು ಗೆದ್ದವನನ್ನು ನಾನು ಕಂಡಿಲ್ಲ. ಅವಳ ಗಂಡ ಮೂವತ್ತು ವರ್ಷ ಪ್ರಯತ್ನಪಟ್ಟು, ಕೊನೆಗೆ ಕಿವಿ ಕೇಳಿಸುವುದಿಲ್ಲ ಎಂದು ನಟಿಸತೊಡಗಿದ. ಜಾಣ.

ಆ ಮೂವತ್ತು ವರ್ಷವೂ ಅವಳು ಬಂದರಿನ ಷೆಡ್ಡಿನಲ್ಲಿ ಇಸಾದಾ ಬೇಯಿಸಿದವಳು. ಇಸಾದಾ ಅಂದರೆ ಕ್ರಿಲ್. ನೋಡಲು ಮರಿ ಸೀಗಡಿ, ಕಿರುಬೆರಳಿನ ಅರ್ಧದಷ್ಟು, ಕರುಳು ಕೂಡ ಹೊರಗೆ ಕಾಣುವಷ್ಟು ತಿಳಿ ಮೈ. ಚಳಿಗಾಲದ ಕೊನೆಗೆ ತಣ್ಣೀರಿನ ಜೊತೆ ಬರುತ್ತದೆ. ಹಿಡಿಯುವವನು ನಾನು, ಬೇಯಿಸುವವಳು ಅವಳು. ಷೆಡ್ಡು ಮುಚ್ಚಿದ ಮೇಲೆ ಗುಡ್ಡದ ಕೆಳಗಿನ ಸಮುದ್ರ ಸಂಶೋಧನಾಲಯಕ್ಕೆ ಇಸಾದಾ ಸಾಕಲು ಸೇರಿಕೊಂಡಳು. ನಾನು ನನ್ನ ದೋಣಿ ಮಾರಿದಾಗ ಅಲ್ಲಿನ ದೋಣಿ ನಡೆಸಲು ನನ್ನನ್ನೂ ಎಳೆದುಕೊಂಡಳು. "ಇಷ್ಟು ದಿನ ಕೊಂದಿದ್ದಾಯ್ತಲ್ಲ ಸೇಕಿಚಿ, ಇನ್ನು ಮೇಲೆ ಸಾಕೋಣ ಬಾ" ಎಂದಳು. ಬಂದ ಮೇಲೆ ಗೊತ್ತಾಯಿತು, ಇಲ್ಲಿಯೂ ಕೊಲ್ಲುವುದೇ. ಆದರೆ ಒಂದೊಂದಾಗಿ, ನಂಬರು ಹಚ್ಚಿ.

ಕೊಲ್ಲಿಸುತ್ತಿದ್ದವಳು ನಾಗಿಸಾ, ದುಂಡು ಕನ್ನಡಕದ ಸಂಶೋಧಕಿ. ಒಳ್ಳೆಯ ಹುಡುಗಿ, ಊಟದ ನೆನಪೊಂದಿಲ್ಲ ಅಷ್ಟೇ. ಮೊದಲ ದಿನವೇ ಕಿನುಯೋಗೆ, ಹೆಸರಿಗೆ ಗೌರವದ 'ಸಾನ್' ಸೇರಿಸಿ, ಪಾಠ ಹೇಳಿದಳು.

"ಕಿನುಯೋ ಸಾನ್, ಇಸಾದಾ ಮೈಯಲ್ಲಿ ಸಾವಿರಾರು ಜೀನ್ ಇದಾವೆ. ಆದ್ರೆ ಎಲ್ಲವೂ ಎಲ್ಲಾ ಹೊತ್ತೂ ಕೆಲಸ ಮಾಡಲ್ಲ. ಈ ಕ್ಷಣಕ್ಕೆ ಯಾವುದು ಎದ್ದಿದೆ, ಯಾವುದು ಮಲಗಿದೆ ಅಂತ ನೋಡೋದು ನನ್ನ ಕೆಲಸ."

"ಇಷ್ಟೇನಾ? ಯಾರದಾದ್ರೂ ಮನೆಗೆ ಹೇಳ್ದೆ ಕೇಳ್ದೆ ನುಗ್ಗಿ, ಒಲೆ ಮೇಲೆ ಏನಿದೆ ಅಂತ ನೋಡಿದ್ರೆ ಗಂಟೆ ಎಷ್ಟು ಅಂತ ಗೊತ್ತಾಗುತ್ತಲ್ಲ, ಹಾಗೆ ತಾನೆ?"

ನಾಗಿಸಾ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಕಣ್ಣಾರೆ ಕಂಡೆ.

ನುಗ್ಗುವುದು ಮಾತ್ರ ಥಟ್ಟನೆ ಆಗಬೇಕು. ಸೌಟಿನಲ್ಲಿ ಎತ್ತಿದ ಇಸಾದಾ ಮೂರು ಸೆಕೆಂಡಿನೊಳಗೆ ಹೊಗೆಯಾಡುವ ದ್ರವ ಸಾರಜನಕಕ್ಕೆ ಬಿದ್ದು ಕಲ್ಲಾಗಬೇಕು. ತಡವಾದರೆ ಗಾಬರಿಗೆ ಅದರ ಒಲೆಯ ಮೇಲಿನ ಪಾತ್ರೆಗಳೇ ಬದಲಾಗುತ್ತವೆ. ಕಿನುಯೋ ಎರಡೇ ಸೆಕೆಂಡಿನಲ್ಲಿ ಮಾಡುತ್ತಿದ್ದಳು. ನಾಗಿಸಾಗೆ ಐದು ಬೇಕಾಗುತ್ತಿತ್ತು, ಮಿಯಾಷಿತಾ ಸೆನ್ಸೇ ಒಮ್ಮೆ ಮಾಡಲು ಹೋಗಿ ತಮ್ಮ ಅಂಗಿಯ ತೋಳನ್ನೇ ಕಲ್ಲು ಮಾಡಿಕೊಂಡರು.

ಸೆನ್ಸೇ ಅಂದರೆ ಗುರುಗಳು; ಇವರು ನಮ್ಮ ಸಂಶೋಧನಾಲಯದ ಮುಖ್ಯಸ್ಥರು. ನಿಯಮದ ಮನುಷ್ಯ. ಕಿನುಯೋಳ ಕೆಲಸ ಒಂದೊಂದೇ ವರ್ಷದ್ದು, ಪ್ರತಿ ಮಾರ್ಚ್ ಕೊನೆಯ ದಿನ ಅವರ ಮುದ್ರೆ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಆ ವಸಂತದಲ್ಲಿ ನಾಗಿಸಾಳ ಪ್ರಶ್ನೆ ಇದಾಗಿತ್ತು: ಸೂರ್ಯನನ್ನೇ ಕಾಣದ ಇಸಾದಾಗೆ ಬೆಳಗಾಯಿತೆಂದು ತಿಳಿಯುತ್ತದೆಯೇ? ತಣ್ಣನೆಯ ಕತ್ತಲೆ ಕೋಣೆಯಲ್ಲಿ ಮೂರು ತೊಟ್ಟಿ, ಒಂದೊಂದಕ್ಕೂ ಕಪ್ಪು ಪರದೆ. ಕೆಲಸಕ್ಕೆ ಮಂಕು ಕೆಂಪು ಬಲ್ಬು ಒಂದೇ. ಬೇರೆ ಯಾವ ಬೆಳಕೂ ಕೂಡದೆಂದು ಸೆನ್ಸೇ ಬಾಗಿಲಿಗೆ ಚೀಟಿ ಅಂಟಿಸಿದ್ದರು. ನನ್ನ ಮೊಬೈಲನ್ನೂ ಕಸಿದುಕೊಂಡು ಹೊರಗಿಟ್ಟರು.

ಅಷ್ಟರಲ್ಲಿ ಹಿಗಾನ್ ಬಂತು, ಸತ್ತವರನ್ನು ನೆನೆಯುವ ವಾರ. ಎಲ್ಲರ ಮನೆಯಲ್ಲೂ ಹೂರಣ ಮೆತ್ತಿದ ಅನ್ನದುಂಡೆ. ಕಿನುಯೋ ನೇರ ಸೆನ್ಸೇ ಹತ್ತಿರ ಹೋದಳು.

"ಪ್ರಯೋಗದಲ್ಲಿ ಸತ್ತ ಇಲಿಗಳಿಗೆ ವಿಶ್ವವಿದ್ಯಾಲಯದವರು ಪುರೋಹಿತರನ್ನ ಕರೆಸಿ ಶಾಂತಿ ಮಾಡಿಸ್ತಾರಂತೆ. ನಮ್ಮ ಇಸಾದಾನೂ ಸೇರಿಸಿ ಸೆನ್ಸೇ."

"ಅದು ಬೆನ್ನುಮೂಳೆ ಇರೋ ಪ್ರಾಣಿಗಳಿಗೆ ಮಾತ್ರ, ಕಿನುಯೋ ಸಾನ್. ನಿಯಮ ಹಾಗಿದೆ."

"ಬೆನ್ನುಮೂಳೆ ಇಲ್ದಿದ್ರೆ ಶಾಂತಿ ಬೇಡ್ವಾ? ಹಾಗಾದ್ರೆ ನಮ್ಮ ಯಜಮಾನ್ರಿಗೂ ಆ ಖರ್ಚು ಉಳೀತು ಬಿಡಿ."

ಸೆನ್ಸೇ ನಗಲಿಲ್ಲ. ಅವಳೂ ಅಲ್ಲಿಗೆ ಬಿಟ್ಟಳು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಮಾರನೆಯ ಸಂಜೆ ಐದು ದಾಟಿತ್ತು, ಸಮುದ್ರದ ನೀರಿನ ಕ್ಯಾನು ಹೊತ್ತು ಕತ್ತಲೆ ಕೋಣೆಗೆ ಹೋದೆ. ಮೂರನೇ ತೊಟ್ಟಿಯ ಪರದೆ ಸರಿಸಿದೆ. ಒಳಗೆ ಕಿನುಯೋ ಮಂಡಿಯೂರಿದ್ದಾಳೆ, ಕೈ ಮುಗಿದಿದ್ದಾಳೆ, ಪಕ್ಕದಲ್ಲಿ ಮೊಂಬತ್ತಿ ಉರಿಯುತ್ತಿದೆ. ತೊಟ್ಟಿಯ ಗಾಜಿಗೆ ಇಸಾದಾಗಳೆಲ್ಲ ಮುತ್ತಿಕೊಂಡಿವೆ.

"ಏನೇ ಇದು! ತಲೆಗಿಲೆ ಕೆಟ್ಟಿದೆಯಾ?"

"ಶ್! ನೋಡು, ಎಷ್ಟು ಶ್ರದ್ಧೆಯಿಂದ ಕೇಳಿಸ್ಕೊಳ್ತಿವೆ. ಕ್ಷಮೆ ಕೇಳ್ತಿದೀನಿ ಅಂತ ಅವಕ್ಕೆ ಗೊತ್ತಾಗುತ್ತೆ."

"ಬೆಳಕು ಕಂಡು ಬಂದಿರೋದು ಕಣೇ ಅವು!"

"ನಿಂಗೇನು ಗೊತ್ತು, ಸುಮ್ನಿರು. ಊದುಬತ್ತಿ ಹಚ್ಚಿದ್ರೆ ವಾಸನೆ ಬರುತ್ತೆ ಅಂತ ಬರೀ ಮೊಂಬತ್ತಿ ತಂದಿದೀನಿ. ಅಷ್ಟು ಬುದ್ಧಿ ಇದೆ ನಂಗೆ."

"ಮೂರು ತೊಟ್ಟಿ ಇವೆ. ಇದಕ್ಕೊಂದಕ್ಕೇ ಯಾಕೆ?"

"ಮೊಂಬತ್ತಿ ನಿಲ್ಲಿಸೋಕೆ ಒಣ ಜಾಗ ಇರೋದು ಇಲ್ಲೊಂದೇ. ಇವಕ್ಕೆ ಹೇಳಿದ್ರೆ ಸಾಕು, ಉಳಿದೋರಿಗೆ ಇವೇ ಹೇಳ್ಕೊಳ್ತವೆ."

ಆವತ್ತೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇಷ್ಟು ಸಣ್ಣ ಬೆಳಕಿಗೆ ಏನಾದೀತು ಎಂದುಕೊಂಡೆ. ಹಿಗಾನ್ ಮುಗಿಯುವವರೆಗೆ ಪ್ರತಿ ಸಂಜೆಯೂ ಅವಳ ಕ್ಷಮಾಪಣೆ ನಡೆಯಿತು.

ಹಿಗಾನ್ ಮುಗಿದ ಎರಡು ಮೂರು ದಿನಕ್ಕೆ ನಾಗಿಸಾಳ ಯಂತ್ರ ಉತ್ತರ ಕೊಟ್ಟಿತು. ಮೊದಲೆರಡು ತೊಟ್ಟಿಯ ಇಸಾದಾಗಳಲ್ಲಿ ಬೆಳಗಿನ ಜೀನುಗಳು ಹೊರಗೆ ನಿಜವಾಗಿ ಬೆಳಗಾಗುವ ಹೊತ್ತಿಗೇ ಏಳುತ್ತಿದ್ದವು. ಕತ್ತಲಲ್ಲಿದ್ದರೂ! ಮೂರನೇ ತೊಟ್ಟಿಯವಕ್ಕೆ ಮಾತ್ರ ಬೆಳಗಾಗುತ್ತಿದ್ದುದು ಸಂಜೆ ಐದಕ್ಕೆ. ನಾಗಿಸಾ ಮೂರು ಸಲ ಮತ್ತೆ ಮಾಡಿ ನೋಡಿದಳು, ಮೂರು ಸಲವೂ ಸಂಜೆ ಐದೇ. ಸೆನ್ಸೇ ಕುಣಿದಾಡುವುದೊಂದು ಬಾಕಿ. ಒಂದೇ ಕಡಲಿನಲ್ಲಿ ಎರಡು ಗಡಿಯಾರದ ಇಸಾದಾ! ಹೊಸ ಶೋಧ! ಹಾಕೊದಾತೆ ನಗರದಲ್ಲಿ ನಡೆಯುವ ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ನಾಗಿಸಾ ಇದನ್ನೇ ಮಂಡಿಸಬೇಕು, ಅದಕ್ಕೆ ಮುಂಚೆ ಮಾರ್ಚ್ ಮೂವತ್ತಕ್ಕೆ ನಮ್ಮೆಲ್ಲರ ಮುಂದೆ ಒಂದು ತಾಲೀಮು ಎಂದು ಗೊತ್ತಾಯಿತು.

ಮುದ್ರೆ ಬೀಳುವುದು ಮೂವತ್ತೊಂದಕ್ಕೆ. ನಾನು ಕಿನುಯೋಳನ್ನು ದೋಣಿಯ ಹತ್ತಿರ ಕರೆದು ಬುದ್ಧಿ ಹೇಳಿದೆ.

"ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರು ಮಾರಾಯ್ತಿ. ಮುದ್ರೆ ಬಿದ್ದ ಮೇಲೆ ಬೇಕಾದ್ರೆ ಊರಿಗೆಲ್ಲಾ ಡಂಗುರ ಹೊಡಿ."

"ಅಲ್ಲೀವರೆಗೆ ಆ ಮಗು ನನ್ನ ಮೊಂಬತ್ತೀನ ಶೋಧ ಅಂತ ನಂಬ್ಕೊಂಡು ಎಲ್ಲರ ಮುಂದೆ ನಿಲ್ಬೇಕಾ?"

"ಕೆಲಸ ಹೋಗುತ್ತೆ ಕಣೇ."

ಅವಳು ಸುಮ್ಮನಾದಳು. ಅರವತ್ತು ವರ್ಷದಲ್ಲಿ ಕಿನುಯೋ ಸುಮ್ಮನಾದದ್ದನ್ನು ನಾನು ಅವತ್ತೇ ಕಂಡದ್ದು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಇಸಾದಾ ಬಿಟ್ರೆ ನಂಗಿನ್ನೇನು ಬರುತ್ತೆ ಹೇಳು ಸೇಕಿಚಿ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ತಾಲೀಮಿನ ದಿನ ನಾಗಿಸಾ ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತ "ಮೂರನೇ ತೊಟ್ಟಿಯ ಕಾರಣ ಇನ್ನೂ ನಿಗೂಢ" ಎನ್ನುತ್ತಿದ್ದಳು. ಕಿನುಯೋ ಚಹಾ ಕೊಡುತ್ತಿದ್ದವಳು ತಟ್ಟೆಯನ್ನು ಸೆನ್ಸೇ ತೊಡೆಯ ಮೇಲೆಯೇ ಇಟ್ಟುಬಿಟ್ಟಳು.

"ನಿಗೂಢ ಗಿಗೂಢ ಏನಿಲ್ಲ. ಆ ಕಾರಣ ನಾನೇ. ಹಿಗಾನ್ ಪೂರ್ತಿ ಅಲ್ಲಿ ಮೊಂಬತ್ತಿ ಹಚ್ಚಿಟ್ಟು ಕ್ಷಮೆ ಕೇಳಿದೀನಿ. ತಪ್ಪಾಯ್ತು." ಸೊಂಟ ಮುರಿಯುವ ಹಾಗೆ ಬಾಗಿ ನಿಂತಳು.

ನಾಗಿಸಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ಎಷ್ಟು ಗಂಟೆಗೆ ಹಚ್ತಿದ್ರಿ?"

"ಐದು ಗಂಟೆಗೆ. ಐದು ನಿಮಿಷ ಹಿಂದೆ ಮುಂದೆ."

"ಪ್ರತಿ ದಿನಾನೂ?"

"ಸತ್ತೋರನ್ನ ಕಾಯಿಸ್ತಾರಾ? ಪ್ರತಿ ದಿನಾನೂ."

ನಾಗಿಸಾ ಪರದೆ ನೋಡಿದಳು, ಕಿನುಯೋಳನ್ನು ನೋಡಿದಳು, ಇದ್ದಲ್ಲೇ ನೆಲದ ಮೇಲೆ ಕುಳಿತು ಬಿದ್ದು ಬಿದ್ದು ನಕ್ಕಳು. "ಸೆನ್ಸೇ! ಚಾಡಿ ಹೇಳಿವೆ ನೋಡಿ ಇವು! ಗಂಟೆ ಸಮೇತ ಹೇಳಿವೆ! ಒಂದೇ ಒಂದು ಮೊಂಬತ್ತಿ ಸಾಕು ಇವಕ್ಕೆ ಬೆಳಗಾಯ್ತು ಅನ್ನೋಕೆ!"

ಸೆನ್ಸೇ ಕಿವಿ ಕೆಂಪಾಗಿತ್ತು. ತಟ್ಟೆಯನ್ನು ತೊಡೆಯಿಂದ ಇಳಿಸಿ ಎದ್ದು ಹೋದರು.

ಮರುದಿನ ಇಬ್ಬರಿಗೂ ಕರೆ ಬಂತು. ಗೊತ್ತಿದ್ದೂ ಹೇಳದ ತಪ್ಪಿಗೆ ನನಗೂ. ಸೆನ್ಸೇ ಹತ್ತು ನಿಮಿಷ ಬೈದರು. ಬೈಯುವಾಗಲೂ "ದಯವಿಟ್ಟು" ಎನ್ನುವ ಮನುಷ್ಯ, ಅದೇ ಹೆಚ್ಚು ಉರಿಯುತ್ತದೆ. ಆಮೇಲೆ ಒಂದು ಕಾಗದ ಮುಂದೆ ತಳ್ಳಿದರು. ಕಿನುಯೋಳ ಹೊಸ ವರ್ಷದ ಒಪ್ಪಂದ. ಕೆಂಪು ಮುದ್ರೆ ಆಗಲೇ ಬಿದ್ದಿತ್ತು! ನಾನು ಉಸಿರು ಬಿಟ್ಟೆ.

"ಕೊನೇ ಸಾಲು ಓದಿ" ಎಂದರು.

ತೊಟ್ಟಿ ತೊಳೆಯುವುದು, ಮೇವು ಹಾಕುವುದು ಇತ್ಯಾದಿ ಆದ ಮೇಲೆ, ಕೆಳಗೆ ಅವರದೇ ಅಕ್ಷರದಲ್ಲಿ ಹೀಗಿತ್ತು: ಸತ್ತ ಇಸಾದಾಗಳ ಕ್ಷಮೆ ಕೇಳುವುದು, ಕಟ್ಟಡದ ಹೊರಗೆ, ಹಗಲಿನಲ್ಲಿ.

ನಾನು ಸೆನ್ಸೇಗೆ ಬಾಗಿ ನಮಸ್ಕರಿಸಿದೆ. ಕಿನುಯೋ ಮಾತ್ರ ಹುಬ್ಬು ಗಂಟಿಕ್ಕಿದಳು.

"ಈ ಸಾಲು ಹೊಡೆದು ಹಾಕಿ ಸೆನ್ಸೇ."

"ನಿಮಗೋಸ್ಕರಾನೇ ಬರೆದಿದ್ದು!"

"ಸಂಬಳ ತಗೊಂಡು ಕೇಳಿದ್ರೆ ಅದು ಕ್ಷಮೆ ಹೇಗಾಗುತ್ತೆ? ನನ್ನ ಪಾಲಿಂದು ನಾನು ಕೇಳ್ಕೊಳ್ತೀನಿ. ನಿಮ್ಮ ಪಾಲಿಂದನ್ನೂ ನನ್ನ ತಲೆ ಮೇಲೆ ಹೇರ್ಬೇಡಿ. ನೀವೇ ಬನ್ನಿ."

ಸೆನ್ಸೇ ಸ್ಕೇಲು ಇಟ್ಟು ಆ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದರು.

ಅವತ್ತು ಮಧ್ಯಾಹ್ನ ನಾಲ್ವರೂ ದೋಣಿ ಕಟ್ಟುವ ದಕ್ಕೆಗೆ ಹೋದೆವು. ಹಿಗಾನ್ ಮುಗಿದು ವಾರವಾಯಿತಲ್ಲ ಎಂದು ಸೆನ್ಸೇ ಸಂಕೋಚಪಟ್ಟರೆ, ಕಿನುಯೋ "ಅವಕ್ಕೆ ಗಂಟೆ ಗೊತ್ತು, ತಾರೀಕು ಗೊತ್ತಿಲ್ಲ, ಬನ್ನಿ" ಎಂದಳು. ಅನ್ನದುಂಡೆಗಳನ್ನು ಕಲ್ಲಿನ ಮೇಲಿಟ್ಟಳು. ಅವಳು ಕೈ ಮುಗಿದಳು, ನಾಗಿಸಾ ಮುಗಿದಳು. ಸೆನ್ಸೇ ಟೈ ಸರಿಮಾಡಿಕೊಂಡು ಬಾಗಿದರು. ಕೊನೆಗೆ ನಾನು.

ಇದೆಲ್ಲ ಹೆಂಗಸರ ಹುಚ್ಚು ಎಂದು ನಗುತ್ತಿದ್ದವನು ನಾನು. ಮಂಡಿಯೂರಿ ಕಣ್ಣು ಮುಚ್ಚಿದೆ ನೋಡಿ, ಮೂವತ್ತೈದು ವರ್ಷದ ಬಲೆಗಳೆಲ್ಲ ಒಂದರ ಹಿಂದೊಂದು ಮೇಲೆ ಬರತೊಡಗಿದವು, ಟನ್ನುಗಟ್ಟಲೆ, ನೀರು ಸುರಿಸುತ್ತ, ಮಿಣಮಿಣ ಮಿಡುಕುತ್ತ. ಏಳಲಾಗಲಿಲ್ಲ. ಎಷ್ಟು ಹೊತ್ತಾಯಿತೋ, ಭುಜದ ಮೇಲೆ ಕಿನುಯೋಳ ಕೈ ಬಿತ್ತು.

"ಸಾಕು ಏಳೋ ಸೇಕಿಚಿ. ನೀನು ಒಂದೊಂದಕ್ಕೂ ಬೇರೆ ಬೇರೆ ಕೇಳ್ತಾ ಕೂತ್ರೆ ಇಸಾದಾ ಮುಗಿಯಲ್ಲ, ನಿನ್ನ ಆಯಸ್ಸು ಮುಗಿಯುತ್ತೆ."