ಎಡಕ್ಕೆ ಬಿದ್ದ ಹೂ

ತಂಗಡಗಿಯ ಹೊಳೆವ್ವನ ಗುಡಿಯಲ್ಲಿ ಹೂ ಹಚ್ಚುವ ಕೆಲಸ ಸುಮಿತ್ರಾಬಾಯಿಗೆ ಅತ್ತೆಯಿಂದ ಬಂದದ್ದು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚಿ, ಬಂದವರ ಪ್ರಶ್ನೆಯನ್ನು ದೇವಿಯ ಮುಂದೆ ಗಟ್ಟಿಯಾಗಿ ಹೇಳುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೊಲ ಕೊಳ್ಳುವವರು, ಹೆಣ್ಣು ಕೊಡುವವರು, ಬೋರ್ ಹಾಕಿಸುವವರು ಇಂಡಿಯಿಂದಲೂ ಬರುತ್ತಿದ್ದರು. ಅವಳು ಯಾರಿಗೂ ಸಮಾಧಾನ ಹೇಳಿದವಳಲ್ಲ. ಬಿದ್ದದ್ದನ್ನು ಹೇಳುವಳು, ಮುಂದಿನವರನ್ನು ಕರೆಯುವಳು.

ಆ ಗುಡಿಗೆ ಕೈ ಮುಗಿಯದೆ ಬರುತ್ತಿದ್ದವನು ಒಬ್ಬನೇ, ಅವಳ ಮೈದುನ ಪರಪ್ಪ. ಸಿಂದಗಿ, ಇಂಡಿ ಕಾಲೇಜುಗಳಲ್ಲಿ ತರ್ಕಶಾಸ್ತ್ರ ಕಲಿಸಿ, ನಿವೃತ್ತನಾಗಿ ಮುದ್ದೇಬಿಹಾಳದಲ್ಲಿ ಮನೆ ಮಾಡಿದ್ದ. ಸೋಮವಾರ ಬಂತೆಂದರೆ ಬಸ್ಸು ಹತ್ತಿ ಬಂದು, ಗುಡಿಯ ಕಟ್ಟೆಯ ಮೇಲೆ ಕೂತು, ಅತ್ತಿಗೆ ಕೊಟ್ಟ ಚಹಾ ಕುಡಿದು ವಾದಕ್ಕಿಳಿಯುತ್ತಿದ್ದ.

“ವೈನಿ, ದೇವರು ಮನುಷ್ಯಾರಿಗೆ ತಿಳಿಯೂದಲ್ಲ ಅಂತೀರಿ, ಹೌದಲ್ರಿ?”

“ಹೌದು. ನಿನ್ನ ಬುಕ್ಕಿಗೂ ತಿಳಿಯೂದಲ್ಲ, ನನಗೂ ತಿಳಿಯೂದಲ್ಲ.”

“ಹಂಗಿದ್ರ ಎಡಕ್ಕ ಬಿದ್ದದ್ದು ಬ್ಯಾಡ ಅಂತ ಹೆಂಗ ತಿಳೀತು? ನಿಮ್ಮ ಹೊಳೆವ್ವ ಎಡಚಿ ಇದ್ರ?”

“ಚಹಾ ಕುಡದು ಎದ್ದ ಹೋಗು,” ಎನ್ನುತ್ತಿದ್ದಳು ಅವಳು. ಅವನು ಹೋದ ಮೇಲೂ ಆ ಪ್ರಶ್ನೆ ಹೋಗುತ್ತಿರಲಿಲ್ಲ.

ಈ ಸಲದ ಮಳೆ ಮುಗಿಯುವ ಹೊತ್ತಿಗೆ ಪರಪ್ಪನ ದನಿ ಒಡಕಲಾಯಿತು. ಗಂಟಲಲ್ಲಿ ಗಡ್ಡೆ. ಕ್ಯಾನ್ಸರ್ ಎಂದರು ವಿಜಯಪುರದ ಡಾಕ್ಟರು. ಅದಾದ ಮೇಲಿನ ಸೋಮವಾರ ಅವನು ಕಟ್ಟೆಯ ಮೇಲೆ ಕೂರಲಿಲ್ಲ. ಚಪ್ಪಲಿ ಬಿಟ್ಟು, ತೆಂಗಿನಕಾಯಿ ಹಿಡಿದು ನೇರ ಒಳಗೆ ಬಂದ.

“ವೈನಿ, ಹೂ ಹಚ್ರಿ.”

ಚೇಷ್ಟೆ ಎಂದುಕೊಂಡು ಸುಮಿತ್ರಾಬಾಯಿ ತಲೆಯೆತ್ತಿದಳು. ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ.

“ಕೊಯ್ಸಿದ್ರ ಜೀವ ಉಳೀತೈತಿ, ದನಿ ಹೋಗ್ತೈತಿ. ಬಿಟ್ರ ದನಿ ಇರತೈತಿ, ಜೀವ ಬ್ಯಾಸಗಿ ಕಾಣೂದಿಲ್ಲಂತ. ಮನುಷ್ಯಾರ್ನ ಕೇಳಿ ಸಾಕಾತು. ಕೇಳ್ರಿ ಆಕಿನ್ನ, ಕೊಯ್ಸಲೋ ಬ್ಯಾಡೋ.”

ಮಗಳ ಸಂಬಂಧ ಕೇಳಲು ಇಂಗಳೇಶ್ವರದಿಂದ ಬಂದಿದ್ದ ಗಂಡ ಹೆಂಡತಿ ಬಾಗಿಲ ಬದಿಗೆ ಕೂತಿದ್ದರು. ಅವರೆದುರು ಇಲ್ಲವೆನ್ನಲಾಗಲಿಲ್ಲ. ಅವಳು ಹೂ ಹಚ್ಚಿದಳು. ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿದಳು. ಮಾತು ಮುಗಿಯುವುದಕ್ಕೂ ಎಡಗಡೆಯ ಹೂ ಕಳಚಿ ಬೀಳುವುದಕ್ಕೂ ಸರಿಹೋಯಿತು.

“ಆತು,” ಎಂದ ಪರಪ್ಪ. ಹೊರೆ ಇಳಿಸಿದವನ ಹಾಗೆ ಉಸಿರುಬಿಟ್ಟ. “ಬ್ಯಾಡ ಅಂದ್ಲು. ಬರ್ತೇನ್ರಿ ವೈನಿ, ಬಸ್ ಐತಿ.”

ಸುಮಿತ್ರಾಬಾಯಿಗೆ ಮೈ ಜುಮ್ಮೆಂದದ್ದು ಹೂ ಬಿದ್ದದ್ದಕ್ಕಲ್ಲ. ಹೆಂಗ ತಿಳೀತು ಎಂದು ವರ್ಷಗಟ್ಟಲೆ ಅವಳನ್ನು ಕಾಡಿದವನಿಗೆ ಇಂದು ದೇವಿ ಅಷ್ಟು ಸಲೀಸಾಗಿ ತಿಳಿದುಬಿಟ್ಟಿದ್ದಳು!

“ನಿಂದ್ರು. ಬ್ಯಾಡ ಅಂದ್ಲಂತ ಯಾರು ಹೇಳಿದ್ರು ನಿನಗ?”

“ಎಡಕ್ಕ ಬಿತ್ತಲ್ರಿ.”

“ಒದ್ದಿ ಹೂ, ಭಾರಕ್ಕ ಬಿತ್ತು. ಆಕಿ ಎಡಚಿ ಇದ್ರ?”

ಇಂಗಳೇಶ್ವರದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. “ಅಮ್ಮಾರ, ಗುಡ್ಯಾಗ ನಿಂತು ಹಂಗನಬ್ಯಾಡ್ರಿ,” ಎಂದ ಅವಳ ಗಂಡ. ಪರಪ್ಪ ಹೊರಳಿ ನಿಂತ.

“ನನ್ನ ಮಾತು ನನಗ ತಿರುಗಿಸ್ತೀರಿ? ಆಕಿನ್ನ ನಂಬತೀರೋ ಇಲ್ಲೋ ನೀವು?”

“ನಂಬತೇನಿ. ಆಕಿ ಅದಾಳ. ಆದ್ರ ಏನಂದ್ಲು ಅನ್ನೂದು ನನಗ ತಿಳಿವಲ್ದು. ನಿನಗ ಕೊಯ್ಸೂದು ಬ್ಯಾಡಾಗೇತಿ, ಅದು ತಿಳೀತು. ಅದನ್ನ ಆಕಿ ತಲೀಗಿ ಕಟ್ಟಬ್ಯಾಡ.”

“ದನಿ ಇಲ್ಲದ ಏನ್ ಮಾಡ್ಲಿ ವೈನಿ?”

“ಮಂದಿ ಮಾತು ಕೇಳು. ಇಷ್ಟ ವರ್ಷ ಯಾರ ಮಾತೂ ಕೇಳಿಲ್ಲ.”

ಪರಪ್ಪ ಅಲ್ಲೇ ಕೂತ. “ದವಾಖಾನಿಗಿ ನನ್ನ ಸಂಗಾಟ ಬರ್ತೀರೇನು?” ಎಂದ.

“ಬರ್ತೇನಿ.”

ಹೇಳಿಬಿಟ್ಟ ಮೇಲೆ ಅವಳಿಗೆ ತಾನಾಡಿದ್ದೇನೆಂದು ಅರಿವಾಯಿತು. ಅತ್ತೆಯಿಂದ ಬಂದ ಕಟ್ಟಳೆಯನ್ನು ದೇವಿಯ ಎದುರೇ ಮುರಿದಿದ್ದಳು. ಸಿಡಿಲು ಬಡಿಯಲಿಲ್ಲ, ದೀಪ ಆರಲಿಲ್ಲ. ಏನೂ ಆಗದಿದ್ದುದೇ ಅವಳನ್ನು ಹೆಚ್ಚು ಹೆದರಿಸಿತು.

“ನಮ್ಮ ಕೂಸಿಂದು ಆಮ್ಯಾಲ ನೋಡೂಣ್ರಿ,” ಎಂದು ಆ ಗಂಡ ಹೆಂಡತಿ ತಂದ ಕಾಯಿ ಎತ್ತಿಕೊಂಡು ಎದ್ದರು. ಅವಳು ಕರೆಯಲಿಲ್ಲ. ಎಡಕ್ಕೆ ಬಿತ್ತೆಂದು ಅವಳ ಬಾಯಿಂದ ಮುರಿದುಹೋದ ಸಂಬಂಧಗಳು, ಕೊಳ್ಳದೆ ಬಿಟ್ಟ ಹೊಲಗಳು, ದವಾಖಾನೆಗೆ ಹೋಗದೆ ಮನೆಗೆ ಮರಳಿದವರು ಒಮ್ಮೆಗೇ ಕಣ್ಣ ಮುಂದೆ ಬಂದರು.

ಆಪರೇಷನ್ ಆಯಿತು. ಪರಪ್ಪ ಉಳಿದ, ಡಾಕ್ಟರು ಹೇಳಿದ ಹಾಗೆ ದನಿ ಹೋಯಿತು. ಸುಮಿತ್ರಾಬಾಯಿ ದೇವಿಯ ಮಾತು ಮೀರಿದಳೆಂಬ ಸುದ್ದಿ ಬಸವನಬಾಗೇವಾಡಿಯವರೆಗೂ ಹರಡಿತು. ಕೇಳುವವರು ಬರುವುದು ನಿಂತಿತು. ಬಂದಿದ್ದರೂ ಅವಳು ಹೂ ಹಚ್ಚುತ್ತಿರಲಿಲ್ಲ. ಕಸ ಹೊಡೆಯುತ್ತಾಳೆ, ದೀಪ ಹಚ್ಚುತ್ತಾಳೆ, ಅಷ್ಟೇ.

ಆಪರೇಷನ್ ಆದ ಮೇಲೆ ಪರಪ್ಪ ಮೊದಲ ಸಲ ಬಂದು ಕಟ್ಟೆಯ ಮೇಲೆ ಕೂತಾಗ, ಕೊರಳಿಗೆ ವಸ್ತ್ರ ಸುತ್ತಿಕೊಂಡಿದ್ದ. ಬಾಯಿ ತೆರೆದ, ಗಾಳಿಯಷ್ಟೇ ಬಂತು. ಸುಮಿತ್ರಾಬಾಯಿ ಚಹಾ ತಂದು ಅವನ ಮುಂದಿಟ್ಟಳು.

“ನಿನ್ನ ಪಾಳಿನೂ ನಾನ ಆಡಬೇಕೇನು?” ಎಂದು ಗದರಿದಳು. “ದೇವರು ತಿಳಿಯೂದಲ್ಲ ಅಂದ್ರ ಇಲ್ಲ ಅಂತನ ಅರ್ಥ. ಹಿಂಗಂತೀ?”

ಅವನು ಹಣೆ ಚಚ್ಚಿಕೊಂಡು ತಲೆಯಲ್ಲಾಡಿಸಿದ. ಅದಲ್ಲ.

“ಮತ್ತೇನು? ತಿಳಿಯೂದಲ್ಲ ಅಂತ ಹೇಳಾಕರ ದೇವರ ಬಗ್ಗೆ ಒಂದಿಷ್ಟು ತಿಳಿದಿರಬೇಕಲ್ಲ, ಅಂತೀಯಾ?”

ಅದೇ ಎಂಬಂತೆ ಪರಪ್ಪ ತೊಡೆ ತಟ್ಟಿದ.

ತಾನೇ ಹೂಡಿದ ವಾದದಲ್ಲಿ ಅವಳೇ ಸಿಕ್ಕಿಬಿದ್ದಿದ್ದಳು.

“ಥೂ,” ಎಂದಳು, “ಬಾಯಿ ಇದ್ದಾಗ ಇಷ್ಟ ಛಲೋ ಹೇಳಿದ್ದಿಲ್ಲ ನೀ.”